ತಾವು ಹೋಳಿಗೆ ಉಂಡ ಚಾವಣಿಯ ಕೆಳಗಿನಿಂದ

ಸನತ್‌ನಗರ, ಹೈದರಾಬಾದ್
೧೮ ಸೆಪ್ಟೆಂಬರ್ ೨೦೦೫, ಭಾನುವಾರ

ಗೆ,
ಮಾನ್ಯ ಅನುದಾನ ಅಧಿಕಾರಿಗಳು,
ಸಮೀಪ ಸಮುದಾಯ ಪ್ರತಿಷ್ಠಾನ,
ಆರನೆಯ ಮಹಡಿ, ಮಾದಾಪುರ.

ವಿಷಯ: ನಮ್ಮ ಕೂಸಿನ ಮನೆಯ ಚಾವಣಿಗಾಗಿ ಸಲ್ಲಿಸಿದ ಅರ್ಜಿಯನ್ನು, ನಮ್ಮ ಸ್ಥಿತಿ ಅತ್ಯುತ್ತಮವಾಗಿದೆ ಎಂಬ ಕಾರಣಕ್ಕೆ ತಿರಸ್ಕರಿಸಿದ ಬಗ್ಗೆ ಕೃತಜ್ಞತೆ ಮತ್ತು ತಕರಾರು.

ಮಾನ್ಯರೇ,

ತಾವೂ, ತಮ್ಮ ಕಚೇರಿಯ ಏಸಿಗಳೂ, ಕುತ್ತಿಗೆಗೆ ತೂಗುಹಾಕಿಕೊಂಡು ಗಾಜಿನ ಬಾಗಿಲಿಗೆ ತೋರಿಸಿದರೆ ಅದು ತಾನಾಗಿ ತೆರೆಯುವ ತಮ್ಮ ಕಾರ್ಡೂ ಕ್ಷೇಮವಾಗಿವೆ ಎಂದು ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ನಾವೂ ಇಲ್ಲಿ ಕ್ಷೇಮ. 'ನಾವೂ ಇಲ್ಲಿ ಕ್ಷೇಮ' ಎಂದು ಬರೆಯಲೇಬಾರದೆಂದು ತೀರ್ಮಾನಿಸಿ ಕುಳಿತಿದ್ದೆ, ಏಕೆಂದರೆ ನಮಗೆ ಆಗಿರುವ ನಷ್ಟವೆಲ್ಲ ಈ ಒಂದು ವಾಕ್ಯದಿಂದಲೇ ಆಗಿದೆ. ಆದರೆ ಐದನೆಯ ತರಗತಿಯಿಂದ ಹನ್ನೆರಡರವರೆಗೆ ಹಾಸ್ಟೆಲಿನಲ್ಲಿದ್ದು, ಪ್ರತಿ ಭಾನುವಾರ ವಾರ್ಡನ್ ಮೇಡಂ ಕಣ್ಣೆದುರಿಗೆ ಮನೆಗೆ ಪತ್ರ ಬರೆದವಳ ಕೈ ಇದು. ಮೈಯಲ್ಲಿ ಜ್ವರವಿದ್ದಾಗಲೂ ಹಾಗೆಯೇ ಬರೆದಿದೆ. ದಯವಿಟ್ಟು ಆ ವಾಕ್ಯವನ್ನು ತಾವು ಓದಿಲ್ಲವೆಂದು ಭಾವಿಸಬೇಕು.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ನಾನು ಭಕ್ತಿ, ಹಿಮಾಯತ್‌ನಗರದ ಮಹಿಳಾ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಮೊದಲ ವರ್ಷದಲ್ಲಿದ್ದೇನೆ. ತಮ್ಮ ಕಡತದಲ್ಲಿ ನಾನು 'ಪ್ರಾಜೆಕ್ಟ್ ಕೋಆರ್ಡಿನೇಟರ್'. ಆ ಜಾಗವನ್ನು ಖಾಲಿ ಬಿಟ್ಟರೆ ತಮ್ಮ ಫಾರ್ಮು ಮುಂದಿನ ಪುಟಕ್ಕೆ ಬಿಡುವುದಿಲ್ಲ, ಆದ್ದರಿಂದ ಆದೆ. ತಮ್ಮ ನಿಯಮದ ಪ್ರಕಾರ ಮೇಲ್ಮನವಿಯನ್ನು ಮೂವತ್ತು ದಿನಗಳೊಳಗೆ, ಇಂಗ್ಲಿಷಿನಲ್ಲಿ, ಇನ್ನೂರು ಪದಗಳಿಗೆ ಮೀರದಂತೆ ಬರೆಯಬೇಕು. ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಅದು ಕ್ಷಮಾಪಣೆಯ ಪತ್ರವಾಗಿ ಮುಗಿಯಿತು, ಯಾಕೆಂದರೆ ಇಂಗ್ಲಿಷಿನಲ್ಲಿ ನನಗೆ ಕಲಿಸಿದ ಪತ್ರಗಳು ಎರಡೇ: ರಜೆ ಕೇಳುವುದು, ಕ್ಷಮೆ ಕೇಳುವುದು. ಆದ್ದರಿಂದ ಪದಗಳನ್ನು ಯಾರೂ ಎಣಿಸದ ಕನ್ನಡದಲ್ಲಿ, ನಮ್ಮ ಕನ್ನಡ ಬಳಗದ ಮಾಸಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರಿಕೆಯ ಸಂಪಾದಕರಾದ ಸೋಮಣ್ಣ ಕಾಕಾ ಮೂರು ಪುಟ ಬಿಟ್ಟುಕೊಟ್ಟು, "ಆ ಸಾಹೇಬ್ರಿಗೆ ಕನ್ನಡ ಬರಂಗಿಲ್ಲವಾ. ಅದಕ್ಕ ಧೈರ್ಯಲೇ ಬರಿ" ಎಂದು ಹರಸಿದ್ದಾರೆ. ತಮಗೆ ಓದಲು ಬರುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಇದರ ಪ್ರತಿಯೊಂದನ್ನು ತಮಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ.

ವಿಷಯ ತಮಗೆ ಗೊತ್ತಿದೆ. ನಮ್ಮ ಓದುಗರಿಗಾಗಿ ಹೇಳುತ್ತೇನೆ. ಸನತ್‌ನಗರದ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಅಂಬುಬಾಯಿ ಎಂಬ ಅರವತ್ತೆಂಟು ವರ್ಷದ ಹೆಂಗಸೊಬ್ಬರಿದ್ದಾರೆ. ವಿಜಾಪುರದ ಕಡೆಯವರು; ನಾವೆಲ್ಲ ಆಯಿ ಎನ್ನುತ್ತೇವೆ. ಯಜಮಾನರು ತೀರಿಕೊಂಡ ಮೇಲೆ, ಅವರು ಕಟ್ಟಿಸಿಟ್ಟುಹೋದ ಮನೆಯ ಮುಂದಿನ ಪಡಸಾಲೆಯಲ್ಲಿ, ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಾರೆ. ಇದು ಹತ್ತೊಂಬತ್ತನೆಯ ವರ್ಷ. ಈಗ ಹದಿಮೂರು ಮಕ್ಕಳಿದ್ದಾರೆ, ಅವರಲ್ಲಿ ನಾಲ್ಕು ತೊಟ್ಟಿಲ ಕೂಸುಗಳು. ನನ್ನ ತಾಯಿ ಶಾಲೆಯಲ್ಲಿ ಟೀಚರಾಗಿದ್ದರಿಂದ ನಾನೂ ಅಲ್ಲಿ ಕಿಟಕಿ ಪಕ್ಕದ ತೊಟ್ಟಿಲಲ್ಲಿ ಮಲಗಿದವಳು. ಈ ಜಾಗಕ್ಕೆ ಹೆಸರಿರಲಿಲ್ಲ. ತಮ್ಮ ಫಾರ್ಮು ಕೇಳಿದ್ದರಿಂದ 'ಕೂಸಿನ ಮನೆ' ಎಂದು ಹೆಸರಿಟ್ಟೆವು. ಹತ್ತೊಂಬತ್ತು ವರ್ಷಗಳ ನಂತರ ನಾಮಕರಣ ಮಾಡಿಸಿದ ಪುಣ್ಯ ತಮ್ಮದು.

ಕಳೆದ ಮೇ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನದ ಕ್ರಾಂತಿ ನಮ್ಮ ಗಲ್ಲಿಯನ್ನು ತಲುಪಿತು. ಮೇಲಿನಿಂದ ತಲುಪಿತು. ಪಕ್ಕದ ಮೂರಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಯಾವುದೋ ಕಂಪ್ಯೂಟರ್ ತರಬೇತಿ ಸಂಸ್ಥೆಯವರು 'ಆರು ತಿಂಗಳು ಇಲ್ಲಿ, ಆಮೇಲೆ ಅಮೆರಿಕದಲ್ಲಿ' ಎಂದು ದೊಡ್ಡ ಹೋರ್ಡಿಂಗ್ ನಿಲ್ಲಿಸಿದ್ದರು. ಅದರಲ್ಲಿ ಟೈ ಕಟ್ಟಿದ ಯುವಕನೊಬ್ಬ ನಗುತ್ತಿದ್ದ. ಒಂದು ಭಾನುವಾರದ ಬಿರುಗಾಳಿಗೆ ಅವನು ಅಮೆರಿಕದ ಕಡೆ ಹೋಗದೆ ಆಯಿಯ ಪಡಸಾಲೆಯ ಕಡೆ ಬಂದ. ಮಕ್ಕಳಿಲ್ಲದ ದಿನವಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಸಿಮೆಂಟ್ ಶೀಟು ಒಡೆದವು, ಉಳಿದವು ಬಿರುಕುಬಿಟ್ಟವು, ತೊಲೆಯೊಂದು ಬಾಗಿತು. ಮೇಸ್ತ್ರಿ ದಿನೇಶ ಏಣಿ ಹತ್ತಿ, ಮೇಲೆ ಕಾಲಿಡದೆಯೇ ಇಳಿದು ಬಂದು, ನಾಲ್ಕನ್ನು ಬದಲಿಸಲು ಹೋದರೆ ಐದನೆಯದು ತನ್ನ ಕಾಲಡಿಯೇ ಒಡೆಯುತ್ತದೆ, ಹಾಕುವುದಾದರೆ ಎಲ್ಲವನ್ನೂ ಹೊಸದಾಗಿ ಹಾಕಬೇಕು ಎಂದ. ತರಬೇತಿ ಸಂಸ್ಥೆಯವರನ್ನು ಹುಡುಕಿಕೊಂಡು ಹೋದೆವು. ಅವರ ಆರು ತಿಂಗಳು ಮುಗಿದು ಬಾಗಿಲಿಗೆ ಬೀಗ ಬಿದ್ದಿತ್ತು. ಒಂದು ತೂತಿಗೆ ಆ ಯುವಕನ ಮುಖವಿದ್ದ ತುಂಡನ್ನೇ, ಮುಖ ಒಳಗೆ ಮಾಡಿ, ಬಿಗಿದಿದ್ದೇವೆ. ಈಗ ಮಕ್ಕಳು ಮಲಗುವಾಗ ಅವನನ್ನು ನೋಡುತ್ತಾ ನಿದ್ದೆ ಹೋಗುತ್ತವೆ. ಉಳಿದ ಮೂರು ತೂತುಗಳಿಗೆ ಹಚ್ಚುವಷ್ಟು ಯುವಕರು ನಮಗೆ ಸಿಗಲಿಲ್ಲ.

ಆಗ ಪತ್ರಿಕೆಯಲ್ಲಿ ತಮ್ಮ ಪ್ರಕಟಣೆ ಕಂಡಿತು. 'ನಿಮ್ಮ ಬಡಾವಣೆಯ ಸಣ್ಣ ಕನಸಿಗೆ ನಾವಿದ್ದೇವೆ' ಎಂದಿತ್ತು. ನಮ್ಮದು ಕನಸಲ್ಲ, ಸಿಮೆಂಟ್ ಶೀಟು. ಆದರೂ ಬರೆಯಬಹುದೆಂದು ನಂಬಿ ಬಸ್ ಸ್ಟಾಪಿನ ಪಕ್ಕದ ಸೈಬರ್ ಕೆಫೆಯಲ್ಲಿ, ಆಯಿಯನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡು ಫಾರ್ಮು ತುಂಬಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಮ್ಮ ಪುಟ ಸಿಟ್ಟು ಮಾಡಿಕೊಂಡು ಎಲ್ಲವನ್ನೂ ಅಳಿಸಿಹಾಕುತ್ತಿತ್ತು. ಆಯಿ ಅದಕ್ಕೂ ಬೇಸರಪಡಲಿಲ್ಲ. "ಕೂಸಿನಂಗ ಐತಿ ನೋಡವಾ. ಮತ್ತ ಮೊದಲಿಂದ ಉಣಿಸು" ಎಂದರು. ತಮ್ಮ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳನ್ನೆಲ್ಲ ನಾನು ಇಂಗ್ಲಿಷಿಗೆ ಇಳಿಸಿದೆ, ಒಂದನ್ನು ಬಿಟ್ಟು. ಯೋಜನೆಯಲ್ಲಿ ಹೊಸತೇನಿದೆ ಎಂದು ತಾವು ಕೇಳಿದ್ದಿರಿ, ಆಯಿ, "ಕೂಸು ಹೊಸಾವು. ವರ್ಷಾ ಹೊಸಾವ ಬರ್ತಾವ" ಎಂದರು, ಹಾಗೆಯೇ ಬರೆದೆ. ಅನುದಾನ ಮುಗಿದ ಮೇಲೆ ಹೇಗೆ ನಡೆಸುತ್ತೀರಿ ಎಂದು ಕೇಳಿದ್ದಿರಿ, ಆಯಿ, "ಅನುದಾನ ಇಲ್ದ ಇಷ್ಟು ವರ್ಷ ಹ್ಯಾಂಗ ನಡಿಸಿದ್ರಿ ಅಂತ ಅವ್ರು ಕೇಳಂಗಿಲ್ಲೇನು?" ಎಂದರು, ಅದಕ್ಕೆ ತಮ್ಮ ಫಾರ್ಮಿನಲ್ಲಿ ಬೇರೆ ಕಾಲಂ ಇಲ್ಲದ್ದರಿಂದ ಅಲ್ಲೇ ಬರೆದೆ. ಸಮಸ್ಯೆಯನ್ನು ವಿವರಿಸಿ ಎಂದು ಕೇಳಿದ್ದಿರಿ, ಆಯಿ ನನ್ನ ಮೊಣಕೈ ಹಿಡಿದು, "ಸಮಸ್ಯೆ ಗಿಮಸ್ಯೆ ಅಂತ ಬರೀಬ್ಯಾಡ. ಮಂದಿ ಮುಂದ ಮನಿ ಸುದ್ದಿ ಯಾಕ? ಮ್ಯಾಲಿನ ಶೀಟಿಂದು ಸ್ವಲ್ಪ ರಿಪೇರಿ ಐತಿ ಅಂತ ಬರಿ, ತಿಳೀತೈತಿ ಅವ್ರಿಗೆ" ಎಂದರು. ಇದೊಂದನ್ನು ನಾನು ಕೇಳಲಿಲ್ಲ. ಮಳೆಗಾಲದಲ್ಲಿ ಕೂಸುಗಳ ಮೇಲೆ ನೀರು ಬೀಳುತ್ತದೆ, ದಯವಿಟ್ಟು ಬೇಗ ಮಾಡಿ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆಯಿಗೆ ಇಂಗ್ಲಿಷ್ ಬರದಿದ್ದದ್ದು ಆ ದಿನ ಅನುಕೂಲವಾಯಿತು. ನಮ್ಮ ಅರ್ಜಿ ಮೊದಲ ಸುತ್ತಿನಲ್ಲಿ ಆಯ್ಕೆಯಾಯಿತು. ನಾನು ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪು ದಾಟಿ ಹೋದೆ, ಅಷ್ಟು ಖುಷಿಯಾಗಿತ್ತು.

ಇನ್ನು ಮುಂದಿನದು ತಪ್ಪೊಪ್ಪಿಗೆ. ತಕರಾರಿನ ಪತ್ರದಲ್ಲಿ ಇಂಥದ್ದು ಬರಬಾರದು ಎಂದು ಗೊತ್ತಿದ್ದರೂ ಬರೆಯುತ್ತೇನೆ. ಜುಲೈ ಇಪ್ಪತ್ತೊಂದರಂದು ಬೆಳಿಗ್ಗೆ ಹನ್ನೊಂದಕ್ಕೆ ತಾವು 'ಸೈಟ್ ವಿಸಿಟ್'ಗೆ ಬರುತ್ತೀರೆಂದು ಪತ್ರ ಬಂತು. ಅದನ್ನು ನಾನು ಆಯಿಗೆ, "ಮಾದಾಪುರದಿಂದ ದೊಡ್ಡ ಮಂದಿ ನಮ್ಮನಿಗೆ ಬರಾಕತ್ತಾರ" ಎಂದು ಹೇಳಿದೆ. ಅವರು ತೂತು ನೋಡಲು ಬರುತ್ತಿದ್ದಾರೆ, ತೂತನ್ನು ಚೆನ್ನಾಗಿ ತೋರಿಸಿದರೆ ಮಾತ್ರ ಶೀಟು ಬರುತ್ತದೆ ಎಂದು ಹೇಳಲಿಲ್ಲ. ಹೇಳಬೇಕೆಂದು ನನಗೇ ಹೊಳೆಯಲಿಲ್ಲ. ನಮ್ಮ ಹಾಸ್ಟೆಲಿಗೆ ವರ್ಷಕ್ಕೊಮ್ಮೆ ಟ್ರಸ್ಟಿಗಳು ಬರುವ ದಿನ ಬೆಳಿಗ್ಗೆ ಟ್ರಂಕಿನಿಂದ ಬಿಳಿ ಚಾದರಗಳು ಹೊರಗೆ ಬರುತ್ತಿದ್ದವು, ಸಂಜೆ ಎಣಿಸಿಕೊಂಡು ಒಳಗೆ ಹೋಗುತ್ತಿದ್ದವು. ಒಡೆದ ಬಕೆಟ್ಟುಗಳು ಗೋಡೆಯ ಹಿಂದೆ ಅಡಗುತ್ತಿದ್ದವು. ಅವತ್ತು ಮಾತ್ರ ಶಾವಿಗೆ ಪಾಯಸ. ಎಂಟು ವರ್ಷ ಇದನ್ನೇ ಕಲಿತವಳಿಗೆ, ನೋಡಲು ಬರುವವರಿಗೆ ಇರುವುದನ್ನು ತೋರಿಸಬೇಕು ಎಂಬ ವಿಚಾರ ಸಿಲಬಸ್ಸಿನ ಹೊರಗಿನದು. ಆಯಿಗೋ, ಹೊಸಿಲು ದಾಟಿ ಬಂದವರಿಗೆ ಮನೆಯ ಕೊರತೆ ತೋರಿಸುವುದೆಂದರೆ ಬಂದವರಿಗೆ ಅವಮಾನ ಮಾಡಿದಂತೆ. ಹೀಗೆ ಒಬ್ಬರದು ಸಂಸ್ಕಾರ, ಒಬ್ಬಳದು ಹಾಸ್ಟೆಲು, ಎರಡೂ ಸೇರಿದವು.

ನಾಲ್ಕು ದಿನ ಮೊದಲೇ ಪಡಸಾಲೆಗೆ ಸುಣ್ಣವಾಯಿತು. ಎದುರು ಮನೆಯ ಶಾಂತಪ್ಪ ಮಾಮಾ ತಮ್ಮ ಕೂಲರನ್ನೂ ಟೀವಿಯನ್ನೂ ಹೊತ್ತು ತಂದರು. ಫಂಕ್ಷನ್ ಹಾಲಿನಿಂದ ಕುರ್ಚಿ ಬಂದವು. "ತೂತು ಕಂಡ್ರ ಅವ್ರು ಉಣ್ಣೂಮುಂದ ಮ್ಯಾಲೇ ನೋಡ್ಕೋತ ಕುಂದ್ರತಾರ, ಊಟ ಸೇರಂಗಿಲ್ಲ" ಎಂದು ಆಯಿ ಚಾವಣಿಯ ಕೆಳಗೆ ಗೋಡೆಯಿಂದ ಗೋಡೆಗೆ ಕೆಂಪು ಬಿಳಿ ಝಾಲರಿನ ಶಾಮಿಯಾನ ಬಟ್ಟೆ ಕಟ್ಟಿಸಿದರು. ಮೂರು ತೂತುಗಳೂ, ಅಮೆರಿಕದ ಯುವಕನೂ ಮರೆಯಾದರು. ಬಟ್ಟೆಯ ಒಂದು ತುದಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದವಳು ಪ್ರಾಜೆಕ್ಟ್ ಕೋಆರ್ಡಿನೇಟರೇ. ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ನನಗೆ ಅನಿಸಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಹದಿಮೂರು ಮಕ್ಕಳು ಗದ್ದಲ ಮಾಡುತ್ತಾರೆಂದು ಏಳು ಮಕ್ಕಳನ್ನು ಆ ದಿನ ನೆಂಟರ ಮನೆಗೆ ಕಳಿಸಲಾಯಿತು. ಉಳಿದ ಆರು ಮಕ್ಕಳಿಗೆ ಹಬ್ಬದ ಬಟ್ಟೆ. ಅವರಲ್ಲಿ ಒಬ್ಬ, ಯಾರದೋ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ತಮಗೆ ಸೆಲ್ಯೂಟ್ ಹೊಡೆದದ್ದು ನೆನಪಿರಬಹುದು. ಆ ವಾರ ಮಳೆಯೂ ಮಾನ ಮರ್ಯಾದೆಯಿಂದ ನಡೆದುಕೊಂಡು ಒಂದು ಹನಿಯನ್ನೂ ಉದುರಿಸಲಿಲ್ಲ.

ತಾವು ಬಂದಿರಿ, ಕ್ಯಾಮೆರಾ ಹಿಡಿದ ಮೇಡಂ ಬಂದರು. ಬಿಸಿಲಿದ್ದರೂ ತಮ್ಮ ಕೈಯಲ್ಲಿ ಪ್ರತಿಷ್ಠಾನದ ಹೆಸರು ಬರೆದ ನೀಲಿ ಛತ್ರಿ ಇತ್ತು. ತಾವು ಸಜ್ಜನರು, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು, ಮಕ್ಕಳೆದುರು ನೆಲಕ್ಕೆ ಕುಳಿತು, ಏನಾದರೂ ತೊಂದರೆಯಿದೆಯೇ ಎಂದು ಒಂದಲ್ಲ, ಮೂರು ಸಲ ಕೇಳಿದಿರಿ. ಮೂರು ಸಲವೂ ಆಯಿ ಬರುವಷ್ಟು ಹಿಂದಿಯಲ್ಲಿ, "ಕುಛ್ ತಕ್ಲೀಫ್ ನಹೀ ಸಾಬ್, ಆಪ್ ಪೈಲೇ ಖಾಲೋ" ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಒಂದು ಪ್ರಶ್ನೆಗೆ ಒಂದರಂತೆ ಮೂರು ಹೋಳಿಗೆ, ಮೇಲೆ ತುಪ್ಪ. ಹೇಳಬೇಕಾದ ಮಾತುಗಳನ್ನು ನಾನು ಇಂಗ್ಲಿಷಿನಲ್ಲಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಿದ್ದೆ. ತಾವು ನನ್ನ ಕಡೆ ತಿರುಗಿ, ನೀವೇನಾದರೂ ಹೇಳುತ್ತೀರಾ ಎಂದಾಗ ಅಂಗೈ ನೋಡಿದೆ; ಬೆವರಿಗೆ ಎಲ್ಲ ಕಲಸಿಹೋಗಿತ್ತು. 'ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಸರ್' ಎಂದೆ. ಹೊರಡುವಾಗ ಆಯಿ ತಮ್ಮ ಎರಡೂ ಕೈಗೆ ಎರಡು ಡಬ್ಬಿ ಕೊಟ್ಟಿದ್ದರಿಂದ ಛತ್ರಿ ಇಲ್ಲೇ ಉಳಿಯಿತು. ಆಯಿ ಅದನ್ನು ಒಂದು ಹಳೆಯ ಸೀರೆಯಲ್ಲಿ ಸುತ್ತಿ, ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಾರೆ. ತಮ್ಮ ಜೀಪು ಗಲ್ಲಿಯ ತಿರುವು ದಾಟುವ ಮೊದಲೇ ಶಾಂತಪ್ಪ ಮಾಮಾ ಕೂಲರನ್ನು ಎತ್ತಿಕೊಂಡರು. ಗಾಳಿಗೆ ಕುಳಿತು ನಡುಗುತ್ತಿದ್ದ ಮಕ್ಕಳಿಗೆ ಅದರಿಂದ ಅನುಕೂಲವೇ ಆಯಿತು. ಆ ದಿನದ ತುಪ್ಪ, ಬೇಳೆ ಮತ್ತು ಶಾಮಿಯಾನದ ಖರ್ಚಿನಲ್ಲಿ ಎರಡು ಶೀಟು ಬರುತ್ತಿದ್ದವು ಎಂದು ಆಮೇಲೆ ಮೇಸ್ತ್ರಿ ದಿನೇಶ ಹೇಳಿದ. ಅವನೂ ಉಂಡಿದ್ದರಿಂದ ಮೆಲ್ಲಗೆ ಹೇಳಿದ.

ಆಗಸ್ಟ್ ಕೊನೆಗೆ ತಮ್ಮ ವರದಿ ಬಂತು. ಇಷ್ಟು ಒಳ್ಳೆಯ ಅಂಕಗಳು ನನಗೆ ಯಾವ ಪರೀಕ್ಷೆಯಲ್ಲೂ ಬಂದಿಲ್ಲ. ಸ್ವಚ್ಛತೆಗೆ ಹತ್ತಕ್ಕೆ ಹತ್ತು. ಸೌಕರ್ಯಕ್ಕೆ ಒಂಬತ್ತು, ಕಾರಣ: ಕೂಲರ್, ಟೀವಿ, ಸಾಕಷ್ಟು ಕುರ್ಚಿಗಳು. ಚಾವಣಿಯ ಎದುರು 'ಆಕರ್ಷಕವಾಗಿದೆ, ಬಟ್ಟೆಯ ಅಲಂಕಾರವಿದೆ' ಎಂದು ಬರೆದಿದ್ದೀರಿ. ಮಕ್ಕಳ ಸಂಖ್ಯೆ ಅರ್ಜಿಯಲ್ಲಿ ಹೇಳಿದ್ದಕ್ಕಿಂತ ಅರ್ಧ ಕಡಿಮೆ ಎಂದು ಸೌಜನ್ಯದಿಂದ ಗುರುತಿಸಿದ್ದೀರಿ. 'ಅಗತ್ಯ' ಎಂಬ ಕಾಲಮ್ಮಿಗೆ ಹತ್ತಕ್ಕೆ ಒಂದು. ಆ ಒಂದನ್ನೂ ಯಾಕೆ ಕೊಟ್ಟಿರೆಂದು ತಿಳಿಯಲಿಲ್ಲ, ಬಹುಶಃ ನನ್ನ ಮುಖ ನೋಡಿ ಕೊಟ್ಟಿರಬೇಕು. ಕೊನೆಗೆ, ಇಷ್ಟು ಸುಸ್ಥಿತಿಯಲ್ಲಿರುವ ಸಂಸ್ಥೆಗೆ ಅನುದಾನ ಕೊಟ್ಟರೆ ನಿಜವಾಗಿ ಅಗತ್ಯವಿರುವವರಿಗೆ ಅನ್ಯಾಯವಾಗುತ್ತದೆ ಎಂದೂ, ಬಯಸಿದರೆ ಜನವರಿಯಲ್ಲಿ 'ಮಾದರಿ ಸಂಸ್ಥೆ' ವಿಭಾಗದಲ್ಲಿ ಮತ್ತೆ ಅರ್ಜಿ ಹಾಕಿ, ಉಳಿದವರಿಗೆ ತರಬೇತಿ ಕೊಡಬಹುದೆಂದೂ ಸಲಹೆ ನೀಡಿದ್ದೀರಿ. ಕಂಡದ್ದನ್ನು ಕಂಡಂತೆ ಬರೆದಿದ್ದೀರಿ, ಒಂದಕ್ಷರ ಸುಳ್ಳಿಲ್ಲ. ತಕರಾರು ಬರೆಯಲು ಕುಳಿತವಳಿಗೆ ಇದಕ್ಕಿಂತ ದೊಡ್ಡ ತೊಂದರೆ ಯಾವುದಿದೆ?

ವರದಿಯನ್ನು ಕನ್ನಡದಲ್ಲಿ ಓದಿ ಹೇಳಿದಾಗ ಆಯಿಗೆ ಆದ ಸಂತೋಷವನ್ನು ತಾವು ನೋಡಬೇಕಿತ್ತು. "ಹತ್ತಕ್ಕ ಹತ್ತು ಕೊಟ್ಟಾರ ನೋಡು! ಭಾಳ ಛಲೋ ಮಂದಿ" ಎಂದು, ಬಂದ ತಾಯಂದಿರಿಗೆಲ್ಲ ಎರಡೆರಡು ಸಲ ಓದಿಸಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, "ಮತ್ತ ಶೀಟು ಯಾವಾಗ ಕಳಸ್ತಾರಂತ?" ಎಂದು ಕೇಳಿದರು. ಓದುವಾಗ ಅನುದಾನವಿಲ್ಲವೆಂಬ ಒಂದು ಸಾಲನ್ನು ನಾನು ಬಿಟ್ಟಿದ್ದೆ. ಅದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಹೇಳಿದ ಮೇಲೆ ಆಯಿ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದರು. "ಹಂಗಾದ್ರ ಹೋಳಿಗಿಗೆ ಬೆಲ್ಲಾ ಹೆಚ್ಚಾಗಿತ್ತೇನು?" ಎಂದರು.

ಸೆಪ್ಟೆಂಬರಿನಲ್ಲಿ ಮಳೆ ಮರ್ಯಾದೆ ಬಿಟ್ಟಿತು. ಮಳೆ ಬಂದಾಗ ನಡೆಯುವ ವ್ಯವಸ್ಥೆ ಹೀಗಿದೆ: ದೊಡ್ಡ ಮಕ್ಕಳನ್ನು ಒಣಗಿರುವ ಬಲಗೋಡೆಗೆ ಒತ್ತಿ ಕೂಡಿಸುತ್ತೇವೆ; ಮೂರು ತೊಟ್ಟಿಲುಗಳನ್ನು ಒಳಗಿನ ಅಡುಗೆಮನೆಗೆ ಎಳೆಯುತ್ತೇವೆ; ನಾಲ್ಕನೆಯ ತೊಟ್ಟಿಲಿಗೆ ಅಲ್ಲಿ ಜಾಗವಿಲ್ಲ. ಕೊನೆಗೆ ಬಂದು ಸೇರಿದ್ದರಿಂದ ನಾಲ್ಕನೆಯದು ಶರಣಬಸಮ್ಮನ ಎಂಟು ತಿಂಗಳ ಮಗಳು ತಾರಾ. ಶರಣಬಸಮ್ಮ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುವ ಕೆಲಸ ಮಾಡುತ್ತಾಳೆ. ಗುತ್ತಿಗೆಯವರ ಕಾನೂನು, ತಿಂಗಳಲ್ಲಿ ಮೂರು ನಾಗಾ, ಅಂದರೆ ಗೈರುಹಾಜರಿ, ಆದರೆ ಹೆಸರು ಕಡಿದುಹಾಕುವುದು. ಬೆಳಿಗ್ಗೆ ಮಳೆಯಿದ್ದರೆ ಅವಳು ಮಗುವನ್ನು ಎತ್ತಿಕೊಂಡು ಹೊಸಿಲವರೆಗೆ ಬಂದು, ಸೋರುವುದನ್ನು ನೋಡಿ, ಮನೆಗೆ ಹಿಂದಿರುಗುತ್ತಾಳೆ. ಈ ತಿಂಗಳಲ್ಲಿ ಹಾಗೆ ಎರಡು ನಾಗಾ ಆಗಿವೆ. "ಇನ್ನೊಂದು ಆತಂದ್ರ ಮನ್ಯಾಗ ಕುಂದ್ರೋದ. ಇವ್ರಪ್ಪ ಕೆಲಸಾ ಬಿಟ್ಟು ಆರು ತಿಂಗಳಾತು, ಇಬ್ಬರೂ ಕುಂತು ಮಾರ‍್ಯಾಗ ಮಾರಿ ನೋಡ್ಕೋತ ಇರ್ತೀವಿ" ಎಂದು ಅವಳು ನಗುತ್ತಾ ಹೇಳಿದಳು. ಅವಳು ನಕ್ಕಿದ್ದರಿಂದ ನಾವೂ ನಗಬೇಕಾಯಿತು. ತಿಂಗಳು ಮುಗಿಯಲು ಇನ್ನೂ ಹನ್ನೆರಡು ದಿನವಿದೆ, ಮತ್ತು ಹವಾಮಾನ ಇಲಾಖೆಯವರು ಬಂಗಾಳ ಕೊಲ್ಲಿಯಲ್ಲಿ ಏನೋ ಆಗಿದೆ ಎನ್ನುತ್ತಿದ್ದಾರೆ.

ಮಳೆ ಸುರಿಯುವಾಗ ಒಂದು ಫೋಟೋ ತೆಗೆದು ಮೇಲ್ಮನವಿಗೆ ಲಗತ್ತಿಸೋಣ ಎಂದು ಗೆಳತಿಯ ಕ್ಯಾಮೆರಾ ತಂದೆ. ಆಯಿ ತೂತಿಗೂ ಕ್ಯಾಮೆರಾಕ್ಕೂ ನಡುವೆ ಬಂದು ನಿಂತರು. "ಕೂಸಿನ ಮ್ಯಾಲೆ ನೀರು ಬೀಳೂದು ಫೋಟೋ ತಗದು ಊರ ಮಂದಿಗೆ ತೋರಸ್ತೀಯೇನು? ನಿನ್ನ ಇದ ತೊಟ್ಟಿಲದಾಗ ತೂಗೀನಿ ನಾ. ನಿಂದೂ ತಗದು ತೋರಸಬೇಕಿತ್ತೇನು?" ಎಂದರು. ತೆಗೆದ ಒಂದೇ ಫೋಟೋದಲ್ಲಿ ಆಯಿಯ ಬೆನ್ನು, ಹಸಿರು ಸೀರೆ ಮಾತ್ರ ಬಂದಿದೆ. ಸೋರುವುದು ಅದರ ಹಿಂದೆ ಇದೆ. ಲಗತ್ತಿಸಿದ್ದೇನೆ.

ಹೀಗಿರುವುದರಿಂದ, ತಮ್ಮ ಅಮೂಲ್ಯ ಸಮಯವನ್ನು ಇನ್ನಷ್ಟು ಹಾಳುಮಾಡದೆ, ನನ್ನ ಬೇಡಿಕೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ನಮ್ಮನ್ನು ಜನವರಿಯಲ್ಲಿ ಮತ್ತೆ ಅರ್ಜಿ ಹಾಕಲು ಹೇಳಿದ್ದೀರಿ. ತಮಗೆ ಪರಿಚಯವಿದ್ದರೆ ಮಳೆಗೂ ಅದೇ ಸಲಹೆ ಕೊಡಿಸಬೇಕು. ಅಲ್ಲಿಯವರೆಗೆ ತಾರಾ ಐದು ತಿಂಗಳಿಗೆ ಹಿಂದಿರುಗಿ ಹಾಗೆಯೇ ಇರುವಂತೆ ಪ್ರತಿಷ್ಠಾನದಿಂದ ಆದೇಶವೊಂದು ಹೊರಟರೆ ಉತ್ತಮ; ಜೂನಿನಲ್ಲಿ ತುಂಬಿದ ಫಾರ್ಮಿನಲ್ಲಿ ಫಲಾನುಭವಿಯ ವಯಸ್ಸು ಹಾಗೆ ನಮೂದಾಗಿದೆ, ತಿದ್ದುಪಡಿಗೆ ಅವಕಾಶವಿಲ್ಲವೆಂದು ತಮ್ಮ ಪುಟ ಹೇಳುತ್ತದೆ. ಫಾರ್ಮಿನ ಕೊನೆಗೆ 'ನೀವು ನಮ್ಮಿಂದ ಮುಚ್ಚಿಡಲಿರುವುದು ಏನು?' ಎಂಬ ಕಾಲಂ ಸೇರಿಸಬೇಕು. ನಮ್ಮ ಕಡೆಯವರು ಬಾಯಿಬಿಟ್ಟು ಹೇಳದಿದ್ದರೂ ಫಾರ್ಮು ಕೇಳಿದರೆ ಪ್ರಾಮಾಣಿಕವಾಗಿ ತುಂಬುತ್ತಾರೆ. ತಮ್ಮ ಅಧಿಕಾರಿಗಳಿಗೆ, ಬಡಿಸುತ್ತಿರುವ ಮುದುಕಿಯ ಕೈ ತಡೆದು, ಕುರ್ಚಿ ಹತ್ತಿ, ಶಾಮಿಯಾನದ ಬಟ್ಟೆ ಎತ್ತಿ ನೋಡುವಂಥ ಅಸಭ್ಯತೆಯಲ್ಲಿ ಒಂದು ವಾರದ ತರಬೇತಿ ಕೊಡಿಸಬೇಕು. ತಮಗೆ ಮೊದಲು, ಯಾಕೆಂದರೆ ತಾವು ತುಂಬ ಸಭ್ಯರು. 'ಮಾದರಿ ಸಂಸ್ಥೆ'ಯಾಗಿ ನಾವೇ ತರಬೇತಿ ಕೊಡಬೇಕೆಂದಾದರೆ, ಪಾಠ ಒಂದೇ ಇದೆ: ಶಾಮಿಯಾನ ಬಟ್ಟೆಯನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು ಎಂಬುದು. ಅದನ್ನು ನಾನೇ ಕಲಿಸಬಲ್ಲೆ.

ಇವೆಲ್ಲ ಆಗದಿದ್ದರೆ ಕೊನೆಯದೊಂದು: ಮತ್ತೊಮ್ಮೆ ಬನ್ನಿ. ಮುಂಚೆ ತಿಳಿಸಬೇಡಿ. ಮಳೆ ಬರುತ್ತಿರುವಾಗ, ಊಟ ಮುಗಿಸಿಕೊಂಡು ಬನ್ನಿ, ಅಂದರೆ ಬಾಗಿಲಲ್ಲೇ 'ಹೊಟ್ಟೆ ತುಂಬಿದೆ' ಎಂದು ಸುಳ್ಳಲ್ಲದ ಮಾತು ಹೇಳಬಹುದು. ಈ ವಿಷಯ ಆಯಿಗೆ ತಿಳಿಯದಂತೆ ನೋಡಿಕೊಳ್ಳಬೇಕೆಂದಿದ್ದೆ. ಆದರೆ ಈ ಪತ್ರದ ಕರಡನ್ನು ಸೋಮಣ್ಣ ಕಾಕಾ ಅವರ ಮುಂದೆಯೇ ಓದಿಬಿಟ್ಟರು. ಪೂರ್ತಿ ಕೇಳಿಸಿಕೊಂಡು ಆಯಿ ನನ್ನನ್ನು ಬೈಯಲಿಲ್ಲ. "ಮತ್ತ ಬರಾಕತ್ತಾರೇನು? ಹಂಗಾದ್ರ ಕಡ್ಲಿಬ್ಯಾಳಿ ತರಸಬೇಕಲ್ಲವಾ" ಎಂದರು. ಬೇಡ ಎಂದಿದ್ದೇನೆ. ಕೇಳುತ್ತಾರೆಂಬ ಭರವಸೆ ನನಗಿಲ್ಲ.

ತಮ್ಮ ಹತ್ತಕ್ಕೆ ಹತ್ತು ಅಂಕಗಳ ಭಾರ ಹೊತ್ತುಕೊಂಡೇ,
ತಮ್ಮ ವಿಶ್ವಾಸಿ,
ಭಕ್ತಿ
(ಪ್ರಾಜೆಕ್ಟ್ ಕೋಆರ್ಡಿನೇಟರ್, ಫಾರ್ಮು ಬಿಡದಿದ್ದ ಕಾರಣ)

ಮರೆತ ಮಾತು, ಸೋಮವಾರ: ಪತ್ರವನ್ನು ಅಚ್ಚಿಗೆ ಕೊಡುವ ಮುಂಚೆ ಇದನ್ನು ಸೇರಿಸಬೇಕಾಗಿದೆ. ಇಂದು ಬೆಳಿಗ್ಗೆ ಏಳರಿಂದ ಜೋರು ಮಳೆ. ಎಂಟಕ್ಕೆ ಶರಣಬಸಮ್ಮ ತಾರಾಳನ್ನು ಎತ್ತಿಕೊಂಡು ಹೊಸಿಲಲ್ಲಿ ನಿಂತಳು. ಒಳಗೆ ಬರಲಿಲ್ಲ, ಹಿಂದಿರುಗಲೂ ಇಲ್ಲ. ಆಮೇಲೆ ನೇರವಾಗಿ ದೇವರ ಗೂಡಿನ ಪಕ್ಕದ ಹಲಗೆಗೆ ಕೈಹಾಕಿ, ಸೀರೆಯ ಗಂಟು ಬಿಚ್ಚಿ, ತಮ್ಮ ಛತ್ರಿ ತೆಗೆದಳು. "ಏ, ಮಂದಿ ಛತ್ರಿ ಅದು! ನಾಳೆ ಬಂದು ಕೇಳಿದ್ರ ಯಾವ ಮಾರಿ ತೋರಸ್ಲಿ?" ಎಂದು ಆಯಿ ಕೂಗಿದರು. "ಅವ್ರು ಆರನೇ ಮಹಡಿ ಮ್ಯಾಲೆ ಕುಂತಾರ್ರಿ ಆಯಿ, ಅವ್ರ ಮ್ಯಾಲೆ ಮಳಿ ಬೀಳಂಗಿಲ್ಲ. ನನ್ನ ಮಗಳ ಮ್ಯಾಲೆ ಬೀಳಾಕತ್ತೈತಿ" ಎಂದು ಶರಣಬಸಮ್ಮ ಛತ್ರಿ ಬಿಚ್ಚಿದಳು. ಆಯಿ ಒಳಗೆ ಹೋಗಿ ಹಗ್ಗ ತಂದುಕೊಟ್ಟರು. ಛತ್ರಿಯ ಹಿಡಿಯನ್ನು ತೊಟ್ಟಿಲಿನ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದೆವು. ನೀರು ಪಕ್ಕದ ಬಕೆಟ್ಟಿಗೆ ಇಳಿಯುತ್ತದೆ. ಶರಣಬಸಮ್ಮ ಓಡುತ್ತಾ ಕೆಲಸಕ್ಕೆ ಹೋದಳು, ನಾಗಾ ಆಗಲಿಲ್ಲ. ತಾರಾ ಕಣ್ಣು ಬಿಟ್ಟಾಗಲೆಲ್ಲ ತಮ್ಮ ಪ್ರತಿಷ್ಠಾನದ ಹೆಸರನ್ನು ಒಳಗಿನಿಂದ, ಹಿಂದುಮುಂದಾಗಿ ನೋಡುತ್ತಿದ್ದಾಳೆ. ಆದ್ದರಿಂದ ತಾವು ನಮಗೆ ಏನನ್ನೂ ಕೊಟ್ಟಿಲ್ಲ ಎಂಬ ನನ್ನ ಆಪಾದನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಈ ವರ್ಷದ ವರದಿಯಲ್ಲಿ ನೇರ ಫಲಾನುಭವಿ ಒಂದು ಎಂದು ತಾವು ಧಾರಾಳವಾಗಿ ತೋರಿಸಿಕೊಳ್ಳಬಹುದು. ಛತ್ರಿ ಬೇಕಾದಾಗ ಬಂದು ಒಯ್ಯಿರಿ. ಮಳೆಯಿರುವ ದಿನ ಬರುವುದಾದರೆ ಮಾತ್ರ ಇನ್ನೊಂದು ತನ್ನಿ, ಇದು ಆಗ ಕೆಲಸದಲ್ಲಿರುತ್ತದೆ.